ನೆಲಕ್ಕಿಳಿಸದೆ ಬಿಗಿದ ಬೋಲ್ಟು

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾಲ್ಕು ತಿಂಗಳು ಅದನ್ನು ರಸ್ತೆಯ ಮೇಲೆ ಹಾಕಿದೆ, ರಬ್ಬರಿನ ಮೇಲೆ ಹಾಕಿದೆ, ಕೊನೆಗೆ ಹೆಂಡತಿಯ ಮೇಲೂ ಹಾಕಿದೆ.

ಅವಳ ಕಿಡ್ನಿ ಎರಡೂ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಮಸ್ಕಿಯಿಂದ ಲಿಂಗಸುಗೂರಿಗೆ ಡಯಾಲಿಸಿಸ್‌ಗೆ ಒಯ್ಯಬೇಕು. ನಮ್ಮ ಕಾರು ಹಳೆಯದು. ಸಣ್ಣ ಗುಂಡಿ ಬಂದರೂ ಮುಂದಿನ ಗಾಲಿಗಳ ಕಡೆಯಿಂದ ಧಡ್ ಎನ್ನುತ್ತಿತ್ತು. ಗಾಲಿಯನ್ನು ಹಿಡಿದಿರುವ ಕಬ್ಬಿಣದ ತೋಳಿನ ಬುಡದಲ್ಲಿ ರಬ್ಬರಿನ ಬುಷ್ ಇರುತ್ತವೆ. ಕುಲುಕಾಟವನ್ನು ತಾವು ನುಂಗುವುದೇ ಅವುಗಳ ಕೆಲಸ. ನಮ್ಮವು ಸವೆದು ಹೋಗಿದ್ದವು.

ಕಾರಿನ ಕೆಲಸವೆಲ್ಲ ನನಗೇ ಬರುತ್ತದೆಂಬ ಜಂಬ ನನಗೆ. ತೋಳು ಎರಡನ್ನೂ ಬಿಚ್ಚಿ, ಗೋಣಿಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಸಿಂಧನೂರಿಗೆ ಹೋದೆ. ಅಲ್ಲಿನ ಮಿಸ್ತ್ರಿ ಹೊಸ ಬುಷ್ ಕೂಡಿಸಿಕೊಟ್ಟ.

“ಸರ, ಒಂದು ಮಾತು ಕೇಳ್ರಿ. ಬೋಲ್ಟ್ ಸಡ್ಲ ಬಿಟ್ಟು ಗಾಡಿ ನೆಲಕ್ಕ ಇಳಸ್ರಿ. ಭಾರ ಕುಂತ ಮ್ಯಾಲ ಬಿಗಿ ಮಾಡ್ರಿ. ಜಾಕ್ ಮ್ಯಾಲ ಇದ್ದಾಗ ಬಿಗಿದ್ರ ರಬ್ಬರ್ ತಿರುಚಿ ಹರಿತೈತಿ,” ಎಂದ.

ಹೂಂ ಹೂಂ ಎಂದೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವನು. ಹೇಳಿ ಅಭ್ಯಾಸ, ಹೇಳಿಸಿಕೊಂಡಲ್ಲ. ಅಂಗಳದಲ್ಲಿ ಕಾರು ಇಳಿಸಿದ ಮೇಲೆ ಕೆಳಗೆ ತೂರಿ ಬಿಗಿಯುವುದು ಪೀಡೆ. ಗಾಲಿ ಬಿಚ್ಚಿದ್ದಾಗಲೇ ಕೈ ಸಲೀಸಾಗಿ ಹೋಗುತ್ತಿತ್ತು. ಜಾಕ್ ಮೇಲೆಯೇ ಗಟ್ಟಿಯಾಗಿ ಬಿಗಿದು, ಕೈ ತೊಳೆದುಕೊಂಡು ಊಟಕ್ಕೆ ಕೂತೆ.

ಮೂರು ವಾರಕ್ಕೆ ಧಡ್ ಸದ್ದು ಮತ್ತೆ ಶುರುವಾಯಿತು. “ಖರಾಬ್ ಮಾಲು ಕೊಟ್ಟಾನ ಮಗ,” ಎಂದು ಮಿಸ್ತ್ರಿಯನ್ನು ಬೈದೆನೇ ಹೊರತು ಅವನ ಹತ್ತಿರ ಹೋಗಲಿಲ್ಲ. ಹೋದರೆ ಹೇಗೆ ಬಿಗಿದಿರಿ ಎಂದು ಅವನು ಕೇಳುತ್ತಾನಲ್ಲ! ಹೆಂಡತಿ ಮಡಿಲಲ್ಲಿ ತಲೆದಿಂಬು ಅವುಚಿಕೊಂಡು ಕೂರುತ್ತಿದ್ದಳು. ಒಮ್ಮೆ ನರಳಿದಾಗ, “ಏನ್ಲೇ, ಕಾರು ನಿನ್ನ ಮ್ಯಾಲ ಹಾಯ್ದಂಗ ಮಾಡ್ತಿ!” ಎಂದು ಗದರಿಸಿದೆ. ಆಮೇಲೆ ಅವಳು ನರಳಲಿಲ್ಲ. ನೋವು ಕಡಿಮೆಯಾಯಿತೆಂದೇ ತಿಳಿದೆ ನಾನು, ಹುಚ್ಚ.

ಒಂದು ದಿನ ಬಾಗಿಲಲ್ಲೇ ನಿಂತು, “ನಾ ಬಸ್ಸಿಗೆ ಬರ್ತೀನ್ರೀ,” ಎಂದಳು.

“ಯಾಕ? ಮನಿ ಮುಂದ ಗಾಡಿ ನಿಂತೈತಿ!”

“ಹೇಳಿದ್ರ ಸಿಟ್ಟಿಗೇಳ್ತೀರಿ. ಒಂದೊಂದು ಗುಂಡಿಗೂ ಬೆನ್ನಾಗ ಗುದ್ದಿದಂಗ ಆಕ್ಕೈತಿ. ಬಸ್ಸಿನ್ಯಾಗ ಇಷ್ಟು ಇರಂಗಿಲ್ಲ.”

ಆ ದಿನ ಬಸ್ಸಿನಲ್ಲಿ ಅವಳ ಪಕ್ಕ ಕೂತಿದ್ದಾಗ ನನಗಾದ ನಾಚಿಕೆ ಅಷ್ಟಿಷ್ಟಲ್ಲ.

ಭಾನುವಾರ ಕಾರನ್ನು ಸಿಂಧನೂರಿಗೆ ಒಯ್ದೆ. ಮಿಸ್ತ್ರಿ ತೋಳು ಬಿಚ್ಚಿ, ಹರಿದ ಬುಷ್ಷನ್ನು ನನ್ನ ಅಂಗೈಯಲ್ಲಿಟ್ಟ. “ಮ್ಯಾಲಿದ್ದಾಗ ಬಿಗಿದೀರಿ. ಹೇಳಿದ್ದೆ ಸರ.”

“ನೀ ಹೇಳಿದ್ದಿಲ್ಲ ಬಿಡಪ,” ಎಂದುಬಿಟ್ಟೆ. ಅವನು ಹೊಸ ಬುಷ್ ಹಾಕಿ, ಗಾಡಿ ನೆಲಕ್ಕಿಳಿಸಿ, ನೆಲದ ಮೇಲೆ ಮಲಗಿಕೊಂಡು ಬೋಲ್ಟುಗಳನ್ನು ಬಿಗಿದ. ಎಷ್ಟು ಹೊತ್ತು ಹಿಡಿಯಿತು ಅಂತೀರಿ? ಒಂದು ಚಹಾ ಕುಡಿಯುವಷ್ಟು.

ಮುಂದಿನ ಸಲ, “ಕಾರಿಗೇ ಬಾ, ಇದೊಂದ್ಸಲ,” ಎಂದು ಕೇಳಿಕೊಂಡೆ. ಅಂಜುತ್ತಲೇ ಹತ್ತಿದಳು. ಊರು ದಾಟುವಷ್ಟರಲ್ಲಿ ಅವಳ ತಲೆ ಕಿಟಕಿಗೆ ವಾಲಿತು. ಗಾಬರಿಯಾಗಿ ನೋಡಿದರೆ, ನಿದ್ದೆ! ನಾಲ್ಕು ತಿಂಗಳಲ್ಲಿ ಆ ದಾರಿಯಲ್ಲಿ ಅವಳು ಕಣ್ಣು ಮುಚ್ಚಿದ್ದನ್ನೇ ನಾನು ನೋಡಿರಲಿಲ್ಲ. ಲಿಂಗಸುಗೂರಿನ ಆಸ್ಪತ್ರೆಯ ಮುಂದೆ ನಿಲ್ಲಿಸಿ, ಎಬ್ಬಿಸಲು ಮನಸ್ಸಾಗದೆ ಸುಮ್ಮನೆ ಕೂತೆ. ಸ್ವಲ್ಪ ಹೊತ್ತಿಗೆ ತಾನೇ ಕಣ್ಣು ತೆರೆದಳು.

“ಇನ್ನೂ ಹೊಂಟೇ ಇಲ್ಲೇನ್ರೀ?” ಎಂದಳು.

ಬಂದ್ವಿ ಎನ್ನಲು ಹೋದವನು ಸ್ಟೇರಿಂಗ್ ಮೇಲೆ ತಲೆಯಿಟ್ಟು ಅತ್ತೆ.

ಅಂಥ ನಿದ್ದೆ ಅವಳಿಗೆ ನನ್ನ ಕಾರಿನಲ್ಲಿ ಇನ್ನು ಎರಡೇ ಸಲ ಸಿಕ್ಕಿತು. ಆ ತಿಂಗಳು ಮುಗಿಯುವುದರೊಳಗೆ ಅವಳು ಹೋದಳು.