ಅವ್ವನ ಹೊಟ್ಟೆಯೊಳಗಿನ ಜಗಳ

ಅವ್ವನಿಗೆ ಮೊದಲು ಬಂದದ್ದು ನಡುಕ. ಬಿರುಬಿಸಿಲಿನ ಮಧ್ಯಾಹ್ನ, ಕಂಬಳಿ ಮೇಲೆ ಕಂಬಳಿ ಹೊದ್ದು ಹಲ್ಲು ಕಟಕಟಿಸುತ್ತ ಮಲಗಿದ್ದಾಳೆಂದು ಅತ್ತಿಗೆ ಫೋನ್ ಮಾಡಿದಳು. ನಾನು ನಿಡಸೋಸಿಯಿಂದ ಮೂಡಲಗಿಯ ತವರುಮನೆ ಮುಟ್ಟುವಷ್ಟರಲ್ಲಿ ಅವ್ವ ನನ್ನನ್ನು ತೀರಿಹೋದ ತನ್ನ ತಂಗಿಯ ಹೆಸರಿನಿಂದ ಕರೆಯುತ್ತಿದ್ದಳು.

ಉರಿಮೂತ್ರ ಅವಳಿಗೆ ಹಳೆಯ ಕಾಟ. ಪ್ರತಿ ಸಲವೂ ಅಣ್ಣ ತನ್ನ ಮೋಟಾರು ರಿಪೇರಿ ಅಂಗಡಿ ಮುಚ್ಚಿ ಬರುವಾಗ ಮೆಡಿಕಲ್ ಅಂಗಡಿಯಿಂದ ಅದೇ ಗುಳಿಗೆ ತರುತ್ತಿದ್ದ. ಡಾಕ್ಟರ ಚೀಟಿ ಇಲ್ಲ, ಪರೀಕ್ಷೆ ಇಲ್ಲ. ಉರಿ ಇಳಿದ ಕೂಡಲೇ ಅವ್ವ ಉಳಿದ ಗುಳಿಗೆಗಳನ್ನು ಮುಂದಿನ ಸಲಕ್ಕೆಂದು ಎತ್ತಿಡುತ್ತಿದ್ದಳು.

ಈ ಸಲ ಗುಳಿಗೆ ಕೇಳಲಿಲ್ಲ.

ಗೋಕಾಕದ ಆಸ್ಪತ್ರೆಗೆ ಒಯ್ದಾಗ ಬಿಪಿ ಕೈಗೆ ಸಿಗದಷ್ಟು ಇಳಿದಿತ್ತು. ಸೆಪ್ಸಿಸ್ ಎಂದರು. ಕಿಡ್ನಿಯಿಂದ ಸೋಂಕು ಮೈಗೆಲ್ಲ ಏರಿದೆ ಎಂದರು. ಸಂಜೆಯ ಹೊತ್ತಿಗೆ ಅವ್ವ ವೆಂಟಿಲೇಟರ್ ಮೇಲಿದ್ದಳು. ಐಸಿಯು ಬಾಗಿಲು ತೆರೆದು ನರ್ಸ್ ಒಬ್ಬಳು ನನ್ನ ಕೈಗೆ ಪ್ಲಾಸ್ಟಿಕ್ ಚೀಲ ಕೊಟ್ಟಳು. ಒಳಗೆ ಬಳೆ, ಕಿವಿಯೋಲೆ, ಕೊರಳ ಲಿಂಗ.

ನನಗೆ ತಿಳಿದಾಗಿನಿಂದ ಅವ್ವ ಲಿಂಗವನ್ನು ಮೈಯಿಂದ ಅಗಲಿಸಿದವಳಲ್ಲ.

"ಕೇಳದ ಹೆಂಗ ತಗದ್ರಿ?" ಎಂದು ಕೂಗಿದೆ.

"ಕುತ್ತಿಗ್ಯಾಗ ಔಷಧದ ಲೈನ್ ಹಾಕಬೇಕಿತ್ರಿ. ದಾರ ಹೊಲಸ ಆಗಿತ್ತು" ಎಂದು ಹೇಳಿ ಬಾಗಿಲು ಹಾಕಿಕೊಂಡಳು.

ಆಸ್ಪತ್ರೆಯ ಜೊತೆ ನನ್ನ ವೈರ ಅಲ್ಲಿಂದ ಶುರುವಾಯಿತು. ಹಸಿರು ಪರದೆ, ಸ್ಯಾನಿಟೈಸರಿನ ವಾಸನೆ, ಭೇಟಿಯ ಸಮಯ ಮುಗಿಯಿತೆಂದು ಕೂಗುವ ವಾಚ್‌ಮನ್, ಎಲ್ಲವೂ ಅವ್ವನನ್ನು ನಮ್ಮಿಂದ ಕಸಿದುಕೊಂಡವರ ಪಾಳೆಯದಂತೆ ಕಾಣುತ್ತಿತ್ತು. ಐಸಿಯು ಡಾಕ್ಟರ್ ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ನಮ್ಮನ್ನು ಕೂರಿಸಿ ಮಾತಾಡುವ ರೂಢಿ ಅವರಿಗಿರಲಿಲ್ಲ. ಎದುರಿಗೆ ಮೇಡಂ ಎನ್ನುತ್ತಿದ್ದೆ, ಮನಸ್ಸಿನಲ್ಲಿ ಏಕವಚನದಲ್ಲೇ ಬೈಯುತ್ತಿದ್ದೆ. ಮೂತ್ರದ ಕ್ರಿಮಿ ಬೆಳೆಸಿ ನೋಡಿದ ಕಲ್ಚರ್ ರಿಪೋರ್ಟ್ ಬಂದ ದಿನವೂ ಬಾಗಿಲಲ್ಲೇ ನಿಂತು ಹೇಳಿದರು.

"ಇವರ ಮೂತ್ರದಾಗ ಬಂದಿರೋ ಬ್ಯಾಕ್ಟೀರಿಯಾಕ್ಕ ಸಾದಾ ಔಷಧ ಯಾವುದೂ ತಾಗೂದಿಲ್ರಿ. ಅದ ಜಾತಿದು ಕರಳಿನ್ಯಾಗೂ ಐತಿ, ಸ್ವಾಬ್ ತಗದು ನೋಡೀವಿ. ಮೊದ್ಲ ಗುಳಗಿ ಭಾಳ ತಗೊಂಡಾರೇನು?"

ನಾನು ಅಣ್ಣನನ್ನು ನೋಡಿದೆ. ಅಣ್ಣ ನೆಲ ನೋಡಿದ.

ದೊಡ್ಡ ಔಷಧ ಶುರುವಾಯಿತು. ಜ್ವರ ಇಳಿಯಿತು, ಉಸಿರು ಮಾತ್ರ ಯಂತ್ರದ್ದೇ. ಆಗ ಡಾಕ್ಟರ್ ಇನ್ನೊಂದು ಮಾತು ತೆಗೆದರು. ಮೂಗಿನ ನಳಿಕೆಯಲ್ಲಿ ಊಟವಾಗಿ ಬಿಡುವ ಫೀಡಿನೊಳಗೆ ಇನುಲಿನ್ ಎಂಬ ನಾರಿನ ಪುಡಿ ಬೆರೆಸೋಣವೇ ಎಂದು.

"ಈಗ ಕೊಡಾಕತ್ತಿರೋ ಔಷಧಕ್ಕ ಹೊಟ್ಟ್ಯಾಗಿನ ಚಲೋ ಬ್ಯಾಕ್ಟೀರಿಯಾನೂ ಸಾಯ್ತಾವ್ರಿ. ಜಾಗಾ ಖಾಲಿ ಆತಂದ್ರ ಔಷಧಕ್ಕ ಬಗ್ಗಲಾರದ ಕೆಟ್ಟವು ಬೆಳದು ರಕ್ತಕ್ಕ, ಫುಪ್ಪುಸಕ್ಕ ಇಳೀತಾವು. ನಾರು ಅಂದ್ರ ಚಲೋವಕ್ಕ ಊಟ. ಅವು ಉಳದ್ರ ಕೆಟ್ಟವಕ್ಕ ಜಾಗಾ ಸಿಗಲಿಕ್ಕಿಲ್ಲ ಅಂತ ಲೆಕ್ಕ. ಪೂರಾ ಸಿದ್ಧ ಆಗಿರೋದಲ್ಲ. ಖಾತ್ರಿ ನಾ ಕೊಡೂದಿಲ್ಲ."

ಅಣ್ಣ ಸಿಡಿದ. "ನಮ್ಮವ್ವ ಜ್ವಾಳದ ರೊಟ್ಟಿ, ಪುಂಡಿಪಲ್ಯ ತಿಂದ ಬೆಳದಾಕಿ. ಆಕಿಗಿ ನೀವು ನಾರು ಕುಡಸ್ತೀರಿ? ಜೀವ ಹೋಗಾಕತ್ತೈತಿ, ಹಿಟ್ಟ ಕಲಿಸಿ ಹಾಕ್ತೇನಂತೀರಿ? ಪ್ರಯೋಗ ಮಾಡಾಕ ನಮ್ಮವ್ವನ ಬೇಕಾತೇನ್ರಿ?"

"ನಾ ಹೇಳೂದು ಹೇಳೀನ್ರಿ. ಒಪ್ಪಿಗಿ ನಿಮ್ಮದು." ಡಾಕ್ಟರ್ ಮುಖ ಗಂಟಿಕ್ಕಿಕೊಂಡು ಒಳಗೆ ಹೊರಟರು.

"ಹಾಕ್ರಿ" ಎಂದೆ ನಾನು.

ಅವರ ಮೇಲಿನ ಪ್ರೀತಿಯಿಂದಲ್ಲ. ಆ ಕಟ್ಟಡದಲ್ಲಿ ಖಾತ್ರಿ ಇಲ್ಲವೆಂದು ಬಾಯಿಬಿಟ್ಟು ಹೇಳಿದ ಮನುಷ್ಯರು ಅವರೊಬ್ಬರೇ. ಉಳಿದವರೆಲ್ಲ, ನೋಡಲು ಬಂದ ಬೀಗರೂ ಸೇರಿ, ಆರಾಮ ಆಗ್ತಾರ ಬಿಡು ಎನ್ನುತ್ತಿದ್ದರು. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು.

ಪುಡಿ ಶುರುವಾದ ಮೇಲೆ ಅವ್ವನ ಹೊಟ್ಟೆ ಉಬ್ಬಿತು. ಭೇದಿ ಹತ್ತಿತು. ಬಟ್ಟೆ ಬದಲಿಸಿ ಸಾಕಾದ ಆಯಾ ನನಗೆ ಕೇಳುವಂತೆಯೇ ಗೊಣಗಿದಳು. ಅಣ್ಣ ನನ್ನನ್ನು ಮೆಟ್ಟಿಲ ಹತ್ತಿರ ಹಿಡಿದು ನಿಲ್ಲಿಸಿದ.

"ನೋಡಿದಿಲ್ಲೋ ಶಾಣ್ಯಾಕಿ? ಅವ್ವನ ಹೊಟ್ಟಿ ಡೊಳ್ಳ ಆಗೇತಿ. ಬಂದ್ ಮಾಡ ಅನ್ನು."

"ಗುಳಗಿ ತಂದು ತಂದು ಆ ಹೊಟ್ಟಿ ಹಾಳ ಮಾಡಿದಾಂವ ನೀನು!"

"ಆಕಿ ಉರಿ ತಡೀಲಾರದ ಬಚ್ಚಲದಾಗ ಕುಂತು ಅಳತಿದ್ಳು. ಆವಾಗ ನೀ ಎಲ್ಲಿದ್ದಿ? ಗುಳಗಿ ತರಲಾರದ ನಾ ಏನ ಮಾಡಬೇಕಿತ್ತು?"

ನಾನು ಇನ್ನಷ್ಟು ಕೆಟ್ಟದಾಗಿ ಬೈದೆ. ಹಿಂದಕ್ಕೆ ತೆಗೆದುಕೊಳ್ಳಲಾಗದಂಥ ಮಾತುಗಳು. ಅಂದಿನಿಂದ ಬೆಂಚಿನ ಆ ತುದಿಗೆ ಅಣ್ಣ, ಈ ತುದಿಗೆ ನಾನು. ಡಬ್ಬಿ ತಂದ ಅತ್ತಿಗೆ ನಡುವೆ ಕೂತು ಇಬ್ಬರಿಗೂ ಬೇರೆಬೇರೆ ಬಡಿಸುತ್ತಿದ್ದಳು.

ಡಾಕ್ಟರ್ ಪುಡಿ ನಿಲ್ಲಿಸಲಿಲ್ಲ. ಪ್ರಮಾಣ ಇಳಿಸಿದರು, ಹೊಟ್ಟೆ ಮೆತ್ತಗಾದ ಮೇಲೆ ಸ್ವಲ್ಪಸ್ವಲ್ಪವೇ ಏರಿಸಿದರು.

ಅವ್ವನ ಬಾಜೂದ ಹಾಸಿಗೆಯಲ್ಲಿ ಕಣಗಲಾ ಕಡೆಯ ಒಬ್ಬ ಮನುಷ್ಯನಿದ್ದ. ಹೆದ್ದಾರಿಯಲ್ಲಿ ಲಾರಿ ಬಡಿದು ಹೊಟ್ಟೆಯ ಆಪರೇಷನ್ ಆಗಿತ್ತು. ಕರುಳು ಇನ್ನೂ ಕೆಲಸ ಶುರು ಮಾಡಿರಲಿಲ್ಲ, ಹೀಗಾಗಿ ಅವನಿಗೆ ಫೀಡೂ ಇಲ್ಲ, ಪುಡಿಯೂ ಇಲ್ಲ. ಗಾಯ ಮಾಯುತ್ತಿದೆ ಎಂದು ಅವನ ಹೆಂಡತಿ ನನಗೆ ಹೇಳಿದ್ದಳು. ಆಮೇಲೆ ಅದೇ ತರಹದ, ಔಷಧಕ್ಕೆ ಬಗ್ಗದ ಸೋಂಕು ಅವನ ರಕ್ತಕ್ಕೆ ಇಳಿಯಿತು.

ಅವನು ಹೋದ.

ಅವನ ಹೆಂಡತಿಯ ಚೀರಾಟಕ್ಕೆ ನಾವಿಬ್ಬರೂ ಎದ್ದು ನಿಂತೆವು. ಲಾರಿಯಿಂದ ಉಳಿದ ಗಟ್ಟಿಮುಟ್ಟಾದ ಆಳನ್ನು ಕಣ್ಣಿಗೆ ಕಾಣದ ಯಾವುದೋ ಒಂದು ಕೊಂದಿತ್ತು, ಮತ್ತು ಅಂಥದೇ ಒಂದು ನಮ್ಮ ಅವ್ವನ ಕರುಳಿನಲ್ಲಿ ಕಾಯುತ್ತ ಕೂತಿತ್ತು. ಅಂದು ನನಗೆ ಎಲ್ಲರ ಮೇಲೂ ಹೇಸಿಗೆ ಬಂತು. ಆಸ್ಪತ್ರೆ, ಮೆಡಿಕಲ್ ಅಂಗಡಿ, ಅಣ್ಣ. ಅವಳ ಪಕ್ಕದಲ್ಲಿ ನಿಂತು, ಸದ್ಯ ಹೋದದ್ದು ನಮ್ಮವ್ವ ಅಲ್ಲ ಎಂದುಕೊಂಡ ನನ್ನ ಮೇಲೂ.

ಅಣ್ಣ ಮತ್ತೆ ಪುಡಿಯ ಸುದ್ದಿ ಎತ್ತಲಿಲ್ಲ.

ಅವ್ವನ ಉಸಿರು ನಿಧಾನಕ್ಕೆ ಅವಳದಾಯಿತು. ಉಸಿರಿನ ನಳಿಕೆ ತೆಗೆದ ದಿನ ಒಡೆದ ದನಿಯಲ್ಲಿ ಮೊದಲು ಕೇಳಿದ್ದು, "ನನ್ನ ಲಿಂಗ ಎಲ್ಲೈತಿ? ಯಾವಾಕಿ ತಗದಾಕಿ?" ಚೀಲದಿಂದ ತೆಗೆದು ಅಂಗೈಯಲ್ಲಿ ಇಟ್ಟೆ. ಮುಷ್ಟಿ ಕಟ್ಟಿಕೊಂಡು, ಅಷ್ಟು ನಿಶ್ಶಕ್ತಿಯಲ್ಲೂ ನನ್ನನ್ನು ಬೈದಳು.

ವಾರ್ಡಿಗೆ ಬಿಟ್ಟ ಮೇಲೆ ಡಾಕ್ಟರನ್ನು ಅಡ್ಡಹಾಕಿ ಕೇಳಿದೆ. "ಆ ಪುಡಿಯಿಂದನ ಉಳದಳೇನ್ರಿ ಮೇಡಂ?"

"ಗೊತ್ತಿಲ್ರಿ. ಔಷಧ ಇರಬಹುದು, ಪುಡಿ ಇರಬಹುದು, ಅವರ ಗಟ್ಟಿ ಜೀವ ಇರಬಹುದು. ಕರಳಿನಿಂದ ರಕ್ತಕ್ಕ ಇಳೀಲಿಲ್ಲ, ಅಷ್ಟ ಖರೆ. ಕ್ರಿಮಿ ಇನ್ನೂ ಒಳಗ ಐತಿ. ತಿಂಗಳಗಟ್ಲೆ ಇರಬಹುದು. ಕೈ ಸ್ವಚ್ಛ ಇಟಗೋರಿ. ಕೇಳಲಾರದ ಗುಳಗಿ ಕೊಡಬ್ಯಾಡ್ರಿ."

ಹೌದು ಎಂದಿದ್ದರೆ ಕಾಲಿಗೆ ಬೀಳುತ್ತಿದ್ದೆನೋ ಏನೋ. ಅಷ್ಟು ಸಮಾಧಾನವನ್ನೂ ಆ ಹೆಂಗಸು ಕೊಡಲಿಲ್ಲ. ಸಿಟ್ಟು ಬಂತು. ಆದರೂ ಕೈ ಮುಗಿದೆ. ಅವರು ಆಗಲೇ ಇನ್ನೊಂದು ಹಾಸಿಗೆಯ ಕಡೆ ತಿರುಗಿದ್ದರು.

ಈಗ ಅವ್ವ ನಿಡಸೋಸಿಯಲ್ಲಿ, ನನ್ನ ಮನೆಯಲ್ಲಿದ್ದಾಳೆ. ಕಾಲುಗಳು ಕಡ್ಡಿಯಾಗಿವೆ. ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಾಳೆ, ಹಿಂದೆ ಹೋದರೆ ರೇಗುತ್ತಾಳೆ. ಸಣ್ಣಗೆ ಮೈ ಬಿಸಿಯಾದರೂ ಥರ್ಮಾಮೀಟರ್ ಹುಡುಕುತ್ತೇನೆ. ಒಳಗಿರುವುದು ಹೋಗಿದೆಯೋ ಇಲ್ಲವೋ ತಿಳಿಯದೆಯೇ ಗಂಜಿ ಕಾಯಿಸುತ್ತೇನೆ, ಬಟ್ಟೆ ಬೇರೆಯಾಗಿ ಒಗೆಯುತ್ತೇನೆ, ಅವಳ ತಲೆ ಬಾಚುತ್ತೇನೆ. ಹೀಗೇ ಬದುಕಬೇಕೆಂದು ಒಪ್ಪಿಕೊಂಡಿದ್ದೇನೆ. ಮನಸ್ಸು ಪೂರ್ತಿ ಒಪ್ಪಿಲ್ಲ.

ಕಳೆದ ರವಿವಾರ ಅಣ್ಣ ಬಂದ. ನನ್ನನ್ನು ಮಾತಾಡಿಸಲಿಲ್ಲ, ನಾನೂ ಮಾತಾಡಿಸಲಿಲ್ಲ. ಅವ್ವ ಕೋಣೆಯೊಳಗಿಂದಲೇ ಕೂಗಿದಳು. "ನನ್ನ ಹೊಟ್ಟಿ ಸಲುವಾಗಿ ದವಾಖಾನಿ ಮೆಟ್ಟಲ ಮ್ಯಾಲೆ ಜಗಳಾಡಿದ್ರಂತ. ಗೆದ್ದಾವ್ರು ಯಾರು?"

ಅಣ್ಣ ಚಪ್ಪಲಿ ಬಿಟ್ಟು, ಯಾರೂ ಹೇಳದೆಯೇ ಅಂಗಳದ ನಲ್ಲಿಗೆ ಹೋದ. ಗ್ರೀಸು ಕೂತ ಕೈಗಳಿಗೆ ಸಾಬೂನು ಹಚ್ಚಿ, ಉಗುರುಸಂದಿಯನ್ನೂ ಬಿಡದೆ, ಮೊಣಕೈವರೆಗೆ ಉಜ್ಜಿ ತೊಳೆದ. ನಾನು ಟವೆಲ್ ಚಾಚಿದೆ. ಮುಖ ನೋಡದೆ ತೆಗೆದುಕೊಂಡು, ಒರೆಸಿಕೊಂಡು, ಅವ್ವನ ಹತ್ತಿರ ಹೋದ.