ನಿಖರವಾದ ಕೆಂಪು

ವಾಸ್ಕೋದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ನಾನು, ಅಷ್ಟೂ ವರ್ಷ ಜನರ ಮುಖದ ಬಣ್ಣವನ್ನು ಅಂದಾಜಿನ ಮೇಲೆ ಹಂಚುತ್ತ ಬಂದಿದ್ದೇನೆ ಎಂದು ಒಪ್ಪಿಕೊಳ್ಳಲು ಈಗ ಸಂಕೋಚವೇನಿಲ್ಲ. ನನ್ನ ಹಳೆಯ ಮಾನಿಟರಿಗೆ ನೀಲಿಯ ಖಯಾಲಿ. ಅದರಲ್ಲಿ ಮದುಮಗ ಚಳಿಗೆ ಸಿಕ್ಕವನಂತೆ, ಅರಿಶಿನ ಹಚ್ಚಿದ ಮದುಮಗಳು ಪಾಚಿ ಹಿಡಿದವಳಂತೆ ಕಾಣುತ್ತಿದ್ದರು. ಸಾರಿಗೆ ಉಪ್ಪು ಹಾಕಿದಂತೆ ನಾನು ಕೈಯಂದಾಜಿನಲ್ಲಿ ಒಂದಿಷ್ಟು ಹಳದಿ ಉದುರಿಸಿ ಮುದ್ರಿಸುತ್ತಿದ್ದೆ. ಗಿರಾಕಿಗಳು ದೂರಲಿಲ್ಲ. ತನ್ನ ಬಣ್ಣ ಯಾವುದೆಂದು ಯಾರಿಗೂ ಖಚಿತವಿರುವುದಿಲ್ಲ. ಇದ್ದರೂ ಫೋಟೋದಲ್ಲಿ ಅದೇ ಬರಲೆಂದು ಯಾರೂ ಬಯಸುವುದಿಲ್ಲ.

ಹೋದ ಮಳೆಗಾಲದಲ್ಲಿ ಆ ಮಾನಿಟರ್ ಕಣ್ಣು ಮುಚ್ಚಿತು. ಉಳಿದ ಆಯುಷ್ಯವನ್ನಾದರೂ ಸತ್ಯದ ದಾರಿಯಲ್ಲಿ ಕಳೆಯೋಣವೆಂದು ನಿಶ್ಚಯಿಸಿ ಪಣಜಿಗೆ ಹೋದೆ. ಅಲ್ಲಿಯ ಅಂಗಡಿಯ ಗೋಡೆಯ ಮೇಲೆ ಹನ್ನೆರಡು ಮಾನಿಟರುಗಳು, ಎಲ್ಲದರಲ್ಲೂ ಒಂದೇ ಗಿಳಿ. ಗಿಳಿ ಒಂದೇ ಆದರೂ ಅದರ ಕೆಂಪು ಹನ್ನೆರಡು ಬಗೆ. ಇವುಗಳಲ್ಲಿ ಗಿಳಿಗೆ ಒಪ್ಪಿಗೆಯಾದದ್ದು ಯಾವುದು ಎಂದು ಕೇಳಿದೆ. ಅಂಗಡಿಯವನು ನಗದೆ, ಡೆಲ್ಟಾ ಇ ಎಂಬ ಅಂಕಿಯ ಮಹಿಮೆಯನ್ನು ಬಣ್ಣಿಸಿದ. ಪರದೆ ತೋರಿಸುವ ಬಣ್ಣ ನಿಜದ ಬಣ್ಣದಿಂದ ಎಷ್ಟು ದೂರ ಸರಿದಿದೆ ಎಂಬುದರ ಅಳತೆ ಅದು. ಎರಡಕ್ಕಿಂತ ಕಡಿಮೆ ಇದ್ದರೆ ತಪ್ಪು ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲವಂತೆ. ಗೊತ್ತಾಗದಷ್ಟು ತಪ್ಪನ್ನು ನಿಖರತೆಯೆಂದು ಕರೆಯುವ ಈ ಔದಾರ್ಯ ನನಗೆ ಬಹಳ ಹಿಡಿಸಿತು. ನನ್ನ ಗಣಿತದ ಮಾಸ್ತರರಿಗೆ ಇದರಲ್ಲಿ ಕಾಲು ಭಾಗವಿದ್ದರೂ ನಾನು ಒಂಬತ್ತನೇ ಇಯತ್ತೆಯನ್ನು ಒಂದೇ ಸಲಕ್ಕೆ ದಾಟುತ್ತಿದ್ದೆ.

ಹೆಣ್ಣು ನೋಡಲು ಹೋದ ಹಿರಿಯರಂತೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಸರಿದು, ಸ್ವಲ್ಪ ಬಗ್ಗಿಯೂ ನೋಡಿದೆ. ಪಕ್ಕದಿಂದ ನೋಡಿದರೂ ಬಣ್ಣ ಬದಲಿಸದ ಒಂದನ್ನು ಆರಿಸಿದೆ. ಅದರ ಪೆಟ್ಟಿಗೆಯಲ್ಲಿ ಕಾರ್ಖಾನೆಯವರೇ ಪರೀಕ್ಷಿಸಿ ಬರೆದ ಜಾತಕವೂ ಇತ್ತು.

ಇಂಥ ಮಾನಿಟರನ್ನು ಮನೆ ತುಂಬಿಸಿಕೊಂಡರೆ ಸಾಲದು, ಅದಕ್ಕೆ ಮಡಿಯೂ ಬೇಕು. ಎದುರು ಕೂತವನ ಅಂಗಿಯ ಬಣ್ಣ ಪರದೆಯ ಮೇಲೆ ಬೀಳಬಾರದು, ಗೋಡೆ ಬೂದಿ ಬಣ್ಣದ್ದಿರಬೇಕು. ನಾನು ಗೋಡೆಗೆ ಬೂದಿ ಬಣ್ಣ ಬಳಿಸಿ, ಅದೇ ಬಣ್ಣದ ಎರಡು ಅಂಗಿ ಹೊಲಿಸಿಕೊಂಡೆ. ಮೂಲತಃ ಧಾರವಾಡದವಳಾದ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಒಂದು ಗಳಿಗೆ ನೋಡಿದಳು. “ಗ್ವಾಡಿನೂ ಬೂದಿ, ನೀವೂ ಬೂದಿ. ಗಿರಾಕಿ ಬಂದು, ಒಳಗ ಯಾರೂ ಇಲ್ಲಂತ ತಿರುಗಿ ಹೋಗ್ತಾರ ನೋಡ್ರಿ,” ಎಂದಳು.

ಹಾಗೆ ತಿರುಗಿ ಹೋಗದ ಗಿರಾಕಿ ದಸ್ತಗೀರಸಾಬರು. ವಿಜಯಪುರದ ಕಡೆಯವರು. ಮುರ್ಮುಗಾಂವ್ ಬಂದರಿನಲ್ಲಿ ಹಡಗಿಗೆ ಕಬ್ಬಿಣದ ಅದಿರು ತುಂಬುತ್ತ ಹರೆಯ ಕಳೆದವರು, ಈಗ ಎರಡು ದಿನದಲ್ಲಿ ಊರಿಗೆ ಹೊರಟಿದ್ದರು, ಕಾಯಮಾಗಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಅಂಗೈಯಗಲದ ಒಂದು ಪಟ ತಂದಿದ್ದರು. ಯಾವುದೋ ಹಡಗಿನ ಅಡುಗೆಯವನು ತೆಗೆದು ಕೊಟ್ಟದ್ದಂತೆ: ಹಡಗಿನ ಮುಂದೆ ಸಾಲಾಗಿ ನಿಂತ, ಸಾಬರೂ ಸೇರಿ ಒಂಬತ್ತು ಜನ. ಅವರು ಜೊತೆಯಾಗಿದ್ದ ಪಟ ಅದೊಂದೇ. ಊರ ಮನೆಯ ಪಡಸಾಲೆಯಲ್ಲಿ ಹಾಕಲು ಅದನ್ನು ದೊಡ್ಡದು ಮಾಡಿಕೊಡಬೇಕಿತ್ತು.

ಸ್ಕ್ಯಾನ್ ಮಾಡಿ ನೋಡಿದರೆ ಪಟವೆಲ್ಲ ಕೆಂಪೇರಿತ್ತು. ಹಳೆಯ ಬಣ್ಣದ ಪಟಗಳಿಗೆ ವಯಸ್ಸಾದಂತೆ ಬರುವ ರೋಗ ಅದು. ಔಷಧ ನನಗೆ ಗೊತ್ತಿತ್ತು. ಪಟದಲ್ಲಿ ಖಂಡಿತವಾಗಿ ಬಿಳಿಯದಾದ ಒಂದು ವಸ್ತುವನ್ನು ತೋರಿಸಿದರೆ ಸಾಕು, ಅದರ ಆಧಾರದ ಮೇಲೆ ಕಂಪ್ಯೂಟರ್ ಉಳಿದ ಬಣ್ಣಗಳನ್ನೆಲ್ಲ ತಿದ್ದುತ್ತದೆ. ಪಟದ ದಸ್ತಗೀರಸಾಬರ ಹೆಗಲ ಮೇಲೆ ಟವೆಲ್ ಇತ್ತು. ಅದನ್ನು ತೋರಿಸಿದೆ. ಒಂಬತ್ತೂ ಜನ ಆಗತಾನೇ ಸ್ನಾನ ಮಾಡಿ ಬಂದವರಂತೆ ಬೆಳಗಿದರು. ಡೆಲ್ಟಾ ಇ ಸಾರ್ಥಕವಾಯಿತೆಂದು ನಾನು ಕುರ್ಚಿಗೆ ಒರಗಿ ಕೂತೆ.

ಮರುದಿನ ಬೆಳಿಗ್ಗೆ ಬಂದ ದಸ್ತಗೀರಸಾಬರು ಪರದೆಯನ್ನು ಬಹಳ ಹೊತ್ತು ನೋಡಿದರು.

“ಇವ್ರು ಯಾರ್ರಿ ಅಣ್ಣಾರ? ಬ್ಯಾಂಕಿನ್ಯಾಗ ಕುಂತ ಮಂದಿ ಹಂಗ ಕಾಣಾಕತ್ತಾರ.”

ನಾನು ಬಿಳಿಯ ಶಾಸ್ತ್ರವನ್ನೂ ಟವೆಲ್ಲಿನ ಪಾತ್ರವನ್ನೂ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಅದು ಬಿಳೇದಂತ ನಿಮಗ ಯಾರ ಹೇಳಿದ್ರು? ಅಂಗಡ್ಯಾಗ ಇದ್ದಾಗ ಬಿಳೇದಿತ್ತು.”

ಅದಿರು ತುಂಬುವವನ ಹೆಗಲೇರಿದ ಟವೆಲ್ ಒಂದು ವಾರದಲ್ಲಿ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಇಪ್ಪತ್ತೆರಡು ವರ್ಷ ಅದೇ ಜನ ನನ್ನ ಸ್ಟುಡಿಯೋದ ಮುಂದೆ ಹಾದು ಹೋಗುವುದನ್ನು ಕಂಡವನು ನಾನು. ಪಟದ ವಯಸ್ಸನ್ನು ಒರೆಸಲು ಹೋಗಿ ಅವರ ಕೆಲಸವನ್ನೇ ಒರೆಸಿ ಹಾಕಿದ್ದೆ.

“ಹಿಂಗ ಒಯ್ದರ ಮೊಮ್ಮಕ್ಕಳು ನಂಬೂದಿಲ್ರಿ,” ಎಂದರು ಅವರು. “ಅಜ್ಜ ಗೋವಾದಾಗ ಭಾಳ ಆರಾಮ ಇದ್ದ ಅಂತಾರ.”

ತಿದ್ದಿದ್ದನ್ನು ಬಿಟ್ಟು ಮೂಲ ಪಟವನ್ನೇ ಮತ್ತೆ ತೆರೆದು, ಪಕ್ಕಕ್ಕೆ ಕುರ್ಚಿ ಎಳೆದು ಅವರನ್ನು ಕೂಡಿಸಿಕೊಂಡೆ. ಬಣ್ಣ ಅಳೆಯುವ ಉಪಕರಣಗಳು ಬಹಳ ಇವೆ. ಇಂಥದನ್ನು ನಾನು ಕಂಡಿರಲಿಲ್ಲ. ಆಕಾಶ ಅಷ್ಟು ಕೆಂಪಿರಲಿಲ್ಲ ಎಂದರು. ಅದು ವಯಸ್ಸಿನ ಕೆಂಪು, ತೆಗೆದೆ. ಹಡಗು ಬೂದಿ ಬಣ್ಣದ್ದೆಂದರು. ಮನುಷ್ಯರ ಕಡೆ ಬಂದಾಗ ಮಾತು ನಿಧಾನವಾಯಿತು. ಹಡಗಿನ ಹೊಟ್ಟೆಯೊಳಗೆ ಇಳಿಯುತ್ತಿದ್ದ ಇಬ್ಬರಿಗೆ ಹೆಚ್ಚು ಕೆಂಪು, ರೆಪ್ಪೆಯ ಮೇಲೂ. ಮೇಲೆ ನಿಂತು ಕೈ ತೋರಿಸುತ್ತಿದ್ದವನಿಗೆ ಹೆಗಲವರೆಗೆ ಸಾಕು. ತಮಗೆ ಎಷ್ಟು ಎಂದು ಕೇಳಿದ್ದಕ್ಕೆ, ಟವೆಲ್ಲಿಗೆ ಎಷ್ಟೋ ಅಷ್ಟು ಎಂದರು. ನಾನು ಗುಂಡಿ ಸರಿಸುತ್ತ ಹೋದೆ. ಸಾಕು ಅಂದಲ್ಲಿ ನಿಂತೆ. ಎಂಟು ಜನ ಒಬ್ಬೊಬ್ಬರಾಗಿ ಕೆಲಸಕ್ಕೆ ಮರಳಿದರು.

ಒಂಬತ್ತನೆಯವನು ತುದಿಯಲ್ಲಿ ನಿಂತ ಹನಮಂತ. ಗಟ್ಟಿ ಆಳು, ಇಸ್ತ್ರಿಯ ಗೆರೆ ಮುರಿಯದ ಅಂಗಿ. ಮೂಲ ಪಟದಲ್ಲೂ ಅವನ ಮೇಲೆ ಧೂಳಿರಲಿಲ್ಲ.

“ಅವತ್ತ ಅಂವಂದು ಮೊದಲನೇ ದಿನರಿ,” ಎಂದರು ದಸ್ತಗೀರಸಾಬರು. “ಮುಂದ ನಮ್ಮೆಲ್ಲಾರಕಿಂತ ಹೆಚ್ಚು ಧೂಳ ಕುಡದಾಂವ ಅವನ. ತೀರಿ ಹೋಗಿ ಎರಡ ವರ್ಷ ಆತು.” ಪರದೆಯ ತುದಿಗೆ ಬೆರಳು ತೋರಿಸಿ ಹೇಳಿದರು: “ಅಂವಗೂ ಹಚ್ಚರಿ. ಒಬ್ಬನ್ನ ಹೊರಗ ನಿಂದರಿಸಿದಂಗ ಕಾಣತೈತಿ.”

ಇದ್ದದ್ದನ್ನು ಇದ್ದಂತೆ ತೋರಿಸುತ್ತೇನೆಂದು ಗೋಡೆ, ಅಂಗಿಗಳ ಸಮಕ್ಷಮ ವ್ರತ ತೊಟ್ಟವನು ನಾನು. ಆದರೂ ಹಚ್ಚಿದೆ. ಹಣೆಗೆ, ಮುಂಗೈಗೆ, ಹೊಸ ಅಂಗಿಯ ಕಾಲರಿಗೆ, ಇಸ್ತ್ರಿಯ ಗೆರೆಯುದ್ದಕ್ಕೂ. ಅವತ್ತು ಅವನ ಮೈಮೇಲಿರದ ಧೂಳು, ಮುಂದೆ ಇಳಿಯದೇ ಹೋದ ಧೂಳು. ಮೊದಲ ಸಲ ಕೆಂಪು ಸ್ವಲ್ಪ ಗುಲಾಬಿಯ ಕಡೆ ವಾಲಿತು, ದಸ್ತಗೀರಸಾಬರು ಅಲ್ಲವೆಂದು ತಲೆಯಾಡಿಸಿದರು. ಅಳಿಸಿ ಮತ್ತೆ ಹಚ್ಚಿದೆ. ಮೂರನೆಯ ಸಲಕ್ಕೆ ಅವರು ಪರದೆಯ ಹತ್ತಿರ ಬಗ್ಗಿ, “ಈಗ ಬಂದ ನೋಡ್ರಿ ಹನಮ್ಯಾ,” ಎಂದರು.

ಯಾವ ಮಾನಿಟರ್ ಕೊಳ್ಳಬೇಕೆಂದು ಈಚೆಗೆ ಯಾರಾದರೂ ಕೇಳಿದರೆ, ಜಿಪುಣತನ ಮಾಡದೆ ಬಣ್ಣ ತಪ್ಪದಂಥದನ್ನೇ ಕೊಳ್ಳಿ ಎನ್ನುತ್ತೇನೆ. ನಿಜವನ್ನು ತೋರಿಸಲು ಸಾಧಾರಣವಾದದ್ದೂ ನಡೆದೀತು. ಇಂಥ ಸುಳ್ಳು ಹೇಳುವಾಗ ಮಾತ್ರ ಬಣ್ಣ ಕೂದಲೆಳೆಯಷ್ಟೂ ತಪ್ಪಬಾರದು.