ಅಕ್ಕ ಕತ್ತರಿಯ ಜಾಗ ಹೇಳಿದ್ದು

ಮೊನ್ನೆ ಮಗಳು ಮೊಬೈಲಿನಲ್ಲಿ ಹಿಮದ ದೇಶದವನೊಬ್ಬನನ್ನು ತೋರಿಸಿದಳು. ತುಪ್ಪಳದ ಪ್ರಾಣಿಗಳನ್ನು ಹಿಡಿದು ಬದುಕುವವನು. ಪ್ರಾಣಿ ಕಾಲಿಟ್ಟರೆ ಫಟ್ಟನೆ ಮುಚ್ಚಿಕೊಳ್ಳುವ, ಹಲ್ಲುಗಳಿರುವ ಕಬ್ಬಿಣದ ಕತ್ತರಿಯನ್ನು ಹಿಮದಡಿ ಹೂಡಿ, ಎದ್ದು, ಬೆನ್ನು ಹಿಡಿದುಕೊಂಡು ನಿಂತ. ಆ ಬೆನ್ನುನೋವು ನನಗೂ ಗೊತ್ತು. ನಾನು ಸಿದ್ಧಕಟ್ಟೆ, ವಾಮದಪದವು ಕಡೆಯ ಮನೆಗಳಲ್ಲಿ ಅಂಥದೇ ಕತ್ತರಿಯಿಟ್ಟು ಹೆಗ್ಗಣ ಹಿಡಿಯುವವನು. ಅವನಿಗೆ ತುಪ್ಪಳವಾದರೂ ಸಿಗುತ್ತದೆ, ನನ್ನ ಬೇಟೆ ನೇರ ಗೊಬ್ಬರದ ಗುಂಡಿಗೆ. ಆದರೆ ಪಾಪ, ಅವನಿಗೆ ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ. ನನಗೆ ಹೋದಲ್ಲೆಲ್ಲ ಚಹಾ, ಊಟ, ಊರ ಸುದ್ದಿ. ಈ ಕಸುಬಿನ ಬಗ್ಗೆ ನನಗೆ ದೂರಿಲ್ಲ.

ನಮ್ಮಲ್ಲಿ ಒಂದು ಕಟ್ಟುಪಾಡು ಉಂಟು. ಕತ್ತರಿ ಎಲ್ಲಿಟ್ಟಿದೆ ಎಂದು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಹೆಗ್ಗಣ ಕೇಳಿಸಿಕೊಂಡು ಆ ದಿಕ್ಕಿಗೇ ಬರುವುದಿಲ್ಲ, ಸಿಟ್ಟಿಗೆ ಬಟ್ಟೆಯನ್ನೂ ಕಡಿದುಹಾಕುತ್ತದೆ. ಸಿದ್ಧಕಟ್ಟೆಯ ಹತ್ತಿರ ಗದ್ದೆ ಬೇಸಾಯ ಮಾಡುವ ಒಬ್ಬ ಅಕ್ಕ ಇದನ್ನು ಎಷ್ಟು ನಂಬಿದ್ದರೆಂದರೆ, ಭತ್ತದ ಕೋಣೆಯಲ್ಲಿ ಕತ್ತರಿಯಿಡುವ ಜಾಗವನ್ನು ನನಗೆ ಕಣ್ಣಲ್ಲೇ ತೋರಿಸುತ್ತಿದ್ದರು.

ಕಳೆದ ಕೊಯ್ಲಿನ ನಂತರ ಒಂದು ಬೆಳಿಗ್ಗೆ ಹೋದಾಗ, ಇಟ್ಟಲ್ಲಿ ಕತ್ತರಿ ಇರಲಿಲ್ಲ. ಹೆಗ್ಗಣ ಎಳೆದುಕೊಂಡು ಹೋಗಿರಬೇಕೆಂದು ಗೋಣಿಗಳ ಹಿಂದೆ ಕೈ ಹಾಕಿದೆ. ಫಟ್ ಎಂದು ಹಲ್ಲುಗಳು ಬಲಗೈಯನ್ನು ಕಚ್ಚಿದವು. ಹೆಗ್ಗಣ ಅತ್ತ ಓಡಾಡುವುದನ್ನು ಕಂಡು ಅಕ್ಕನೇ ಅದನ್ನು ಅಲ್ಲಿಗೆ ಸರಿಸಿದ್ದರು. ನಾನು ಒಳಗೆ ಹೋಗುವಾಗ ಅಂಗಳದಿಂದ ಕಣ್ಸನ್ನೆ ಮಾಡಿದ್ದರಂತೆ. ನಾನು ನೋಡಿರಲಿಲ್ಲ.

ನನ್ನ ಬೊಬ್ಬೆಗೆ ಓಡಿಬಂದ ಅಕ್ಕ ಕತ್ತರಿಯ ಸ್ಪ್ರಿಂಗಿನ ಮೇಲೆ ಬರಿಗಾಲಲ್ಲೇ ಹತ್ತಿ ನಿಂತರು. ಹಲ್ಲು ಸಡಿಲವಾಯಿತು. ಅಕ್ಕನ ಮೈಭಾರದ ಬಗ್ಗೆ ಊರವರು ತಮಾಷೆ ಮಾಡುವುದುಂಟು. ಆ ಭಾರಕ್ಕೆ ನಾನು ಇಂದಿಗೂ ಕೈಮುಗಿಯುತ್ತೇನೆ.

ಎರಡು ಬೆರಳುಗಳ ಮೂಳೆ ಮುರಿದಿದೆ, ಮುಂದೆ ಮಡಚಲು ಬಂದರೆ ಬಂತು ಎಂದರು ಬಂಟ್ವಾಳದ ಡಾಕ್ಟರು. ಕತ್ತರಿ ಹೂಡುವುದು ಆ ಬೆರಳುಗಳಿಂದಲೇ. ಅವು ಮಡಚದಿದ್ದರೆ ನನ್ನ ಕಸುಬು ಮುಗಿದಂತೆ.

ಪಟ್ಟಿ ಬಿಚ್ಚಿದ ದಿನದಿಂದ ಅಕ್ಕ ದಿನಾ ಸಂಜೆ ನಮ್ಮ ಮನೆಗೆ ಬಂದರು. ಬಿಸಿನೀರಿನಲ್ಲಿ ನನ್ನ ಕೈ ಮುಳುಗಿಸಿ ಬೆರಳು ಮಡಚಿಸುತ್ತಿದ್ದರು. ನೋವಿಗೆ ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆ.

“ಬೈಯಿರಿ ಅಣ್ಣ, ಎಷ್ಟು ಬೇಕಾದ್ರೂ ಬೈಯಿರಿ. ಆದ್ರೆ ಮಡಚಿ,” ಎನ್ನುತ್ತಿದ್ದರು. “ನಾನು ಬಿಡುವವಳಲ್ಲ ಮಾರಾಯ್ರೆ.”

ಬೆರಳುಗಳು ಮಡಚಿದವು. ಒಂದು ಸ್ವಲ್ಪ ಸೊಟ್ಟ, ಆದರೆ ಕೆಲಸಕ್ಕೆ ಅಡ್ಡಿಯಿಲ್ಲ. ಒಡಹುಟ್ಟಿದವರೂ ಇಷ್ಟು ಮಾಡುತ್ತಿದ್ದರೋ ಇಲ್ಲವೋ.

ಈ ಸಲ ಕೊಯ್ಲು ಮುಗಿದಾಗ ಮೊದಲು ಹೋದದ್ದು ಅವರ ಮನೆಗೇ. ಕತ್ತರಿ ಹೂಡಿ ಹೊರಗೆ ಬಂದೆ. ಅಕ್ಕ ಒಳಗೆ ಹೋಗಿ ನೋಡಿದರು. ಆಮೇಲೆ ಅಂಗಳದ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತು, ಆಚೆ ಮನೆಗೂ ಕೇಳುವ ಹಾಗೆ ಕೂಗಿದರು:

“ಕತ್ತರಿ ಬಾಗಿಲಿನ ಎಡಗಡೆ ಮೂಲೆಯಲ್ಲಿ ಉಂಟು! ಎಲ್ಲರೂ ಕೇಳಿಕೊಳ್ಳಿ! ಹೆಗ್ಗಣಕ್ಕೆ ಕೇಳಿದ್ರೆ ಕೇಳಲಿ, ಭತ್ತ ತಿಂದ್ರೆ ತಿನ್ನಲಿ!”